ಚಿಲ್ಲರೆ ಮನುಷ್ಯರು

ಜುಲೈ ತಿಂಗಳ ಮಡಿಕೇರಿಯಲ್ಲಿ ಬಟ್ಟೆ ಒಗೆಯುವುದು ಸುಲಭ, ಒಣಗಿಸುವುದು ಕಷ್ಟ. ಹಾಗಾಗಿ ಮಳೆಗಾಲದಲ್ಲಿ ನಮ್ಮ ಮನೆಯ ವಾಷಿಂಗ್ ಮೆಷಿನ್‌ಗೆ ಮುಖ್ಯ ಕೆಲಸ ಅಂದರೆ ಹಿಂಡುವುದು. ಒಂದು ಸೋಮವಾರ ಬೆಳಿಗ್ಗೆ ಅದು ಹಳೇ ಜೀಪು ಕಲ್ಲು ರಸ್ತೆ ಹತ್ತಿದ ಹಾಗೆ ಗಡಗಡ ಅಂದಿತು. ಆಮೇಲೆ ಹೊಟ್ಟೆ ತುಂಬಾ ನೀರು ಇಟ್ಟುಕೊಂಡೇ ನಿಂತುಹೋಯಿತು.

ಕುಶಾಲನಗರದಿಂದ ರಿಪೇರಿಯವನು ಬಂದ. ಮೂವತ್ತು ಕಿಲೋಮೀಟರ್ ಮಳೆಯಲ್ಲಿ ಬೈಕ್ ಓಡಿಸಿಕೊಂಡು ಬಂದವನ ಮುಖದಲ್ಲಿ ನಗು ಇರಬೇಕು ಅಂತ ನಾನೂ ಬಯಸಲಿಲ್ಲ. ಕೆಳಗಿನ ಮುಚ್ಚಳ ತಿರುಗಿಸಿ ತೆಗೆದು, ಒಳಗೆ ಕೈ ಹಾಕಿ, ಸೂಲಗಿತ್ತಿಯ ಗಾಂಭೀರ್ಯದಲ್ಲಿ ಒಂದೊಂದೇ ಹೊರಗೆ ತಂದ. ಐದರ ನಾಣ್ಯ ಎರಡು, ಹತ್ತರದ್ದು ಒಂದು, ಒಂದರವು ಮೂರು, ಶರ್ಟಿನ ಗುಂಡಿ ಒಂದು, ಕಾಳುಮೆಣಸು ನಾಲ್ಕು. ಎಲ್ಲವನ್ನೂ ಮೆಷಿನ್ ಮೇಲೆ ಸಾಲಾಗಿ ಜೋಡಿಸಿ, "23 ರೂಪಾಯಿ, ಇದು ನಿಮ್ಮದು ಸಾರ್" ಅಂದ. ಒಂದು ನಿಮಿಷ ಬಿಟ್ಟು, "ನಂದು 450" ಅಂದ.

ಫೋನಲ್ಲಿ ಕಳಿಸೋಣ ಅಂದರೆ ಮಳೆಗೆ ನೆಟ್‌ವರ್ಕ್ ಇಲ್ಲ. 500ರ ನೋಟು ಕೊಟ್ಟೆ. ಅವನ ಹತ್ತಿರ ಚಿಲ್ಲರೆ ಇಲ್ಲ. "ಮುಂದಿನ ಸಲ ಬಂದಾಗ 50 ಕೊಡ್ತೀನಿ ಸಾರ್" ಅಂತ ಹೊರಟೇಬಿಟ್ಟ. ಮುಂದಿನ ಸಲ ಅಂತ ಒಂದು ಇದ್ದೇ ಇದೆ ಅನ್ನುವ ಖಾತ್ರಿ ಅವನಿಗೆ ಎಲ್ಲಿಂದ ಬಂತೋ.

ನನ್ನ ಹೆಂಡತಿ ಒಂದೂ ಮಾತಾಡಲಿಲ್ಲ. ಆ ನಾಣ್ಯಗಳನ್ನು ಬಟ್ಟೆಯಲ್ಲಿ ಒರೆಸಿ, ಅಡುಗೆಮನೆಯ ಹಾರ್ಲಿಕ್ಸ್ ಬಾಟಲಿಗೆ ಟಣ್ ಟಣ್ ಅಂತ ಒಂದೊಂದಾಗಿ ಹಾಕಿದಳು. ಒಟ್ಟಿಗೆ ಸುರಿಯಬಹುದಿತ್ತು. ಸುರಿಯಲಿಲ್ಲ.

ತಪ್ಪು ನನ್ನದೇ. ನಾನು ಚಿಲ್ಲರೆ ಉದುರಿಸುವ ಜಾತಿಯವನು. ಕೂತಲ್ಲಿ, ನಿಂತಲ್ಲಿ, ಮಲಗಿದಲ್ಲಿ ನನ್ನಿಂದ ಕಾಸು ಉದುರುತ್ತದೆ. ಸೋಫಾದ ಸಂದಿ, ಕಾರಿನ ಸೀಟಿನ ಕೆಳಗೆ, ಕೊಡೆಯ ಒಳಗೆ ಕೂಡ ಸಿಕ್ಕಿದೆ. ಆ ಕೊಡೆ ಬಿಡಿಸಿದಾಗ ನಡುಬೀದಿಯಲ್ಲಿ ಎರಡು ರೂಪಾಯಿ ತಲೆ ಮೇಲೆ ಬಿದ್ದು, ಪಕ್ಕದಲ್ಲಿದ್ದವರು ಆಕಾಶ ನೋಡಿದ್ದರು. ಇಷ್ಟು ಉದುರಿಸುವ ನನಗೆ ಬೇಕಾದಾಗ ಮಾತ್ರ ಒಂದು ರೂಪಾಯಿಯೂ ಸಿಗುವುದಿಲ್ಲ. ಅದು ಯಾವ ನ್ಯಾಯವೋ ಗೊತ್ತಿಲ್ಲ.

ಹೆಂಡತಿ ಇದಕ್ಕೆ ಪೂರ್ತಿ ವಿರುದ್ಧ. ಅವಳದ್ದು ಬಾಟಲಿ ಪದ್ಧತಿ. ಒಂದು, ಎರಡು, ಐದು ಒಂದು ಬಾಟಲಿಯಲ್ಲಿ. ಹತ್ತರವು ಇನ್ನೊಂದರಲ್ಲಿ. ಹನ್ನೆರಡು ಮೂಲೆಯ 20ರ ನಾಣ್ಯ ಸಿಕ್ಕರೆ ಅದಕ್ಕೆ ಬೇರೆಯೇ ಸ್ಥಾನಮಾನ, ಅದು ಬೀರುವಿನೊಳಗೆ. ಅವಳ ಪರ್ಸಿನಲ್ಲಿ ಬಸ್ಸಿಗೆ, ಹೂವಿಗೆ, ದೇವಸ್ಥಾನಕ್ಕೆ ಅಂತ ಮೂರು ಖಾನೆ. ಬಸ್ಸಿನ ಖಾನೆ 2023ರ ಜೂನ್ 11ರಿಂದ ಖಾಲಿ. ಅವತ್ತಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ ಅಲ್ವಾ. ಅರ್ಧ ಬಸ್ಸು ದುಡ್ಡೇ ಕೊಡದಿದ್ದರೆ ಕಂಡಕ್ಟರ್ ಕೈಗೆ ಚಿಲ್ಲರೆ ಬರುವುದು ಎಲ್ಲಿಂದ? ಉಳಿದ ಅರ್ಧ ಬಸ್ಸು, ಅಂದರೆ ನಾನು, 500ರ ನೋಟು ಹಿಡಿದು ನಿಂತಿರುತ್ತೇನೆ. ಕಂಡಕ್ಟರ್ ನನ್ನನ್ನು ನೋಡುವ ನೋಟಕ್ಕೆ ಪಕ್ಕದ ಸೀಟಿನಲ್ಲಿ ಸೊನ್ನೆ ರೂಪಾಯಿ ಟಿಕೆಟ್ ಹಿಡಿದ ನನ್ನ ಹೆಂಡತಿ ಕಿಟಕಿಯ ಕಡೆ ತಿರುಗಿ, ನಾನು ಯಾರೋ ಏನೋ ಅನ್ನುವ ಹಾಗೆ ಮಂಜು ನೋಡುತ್ತಾಳೆ.

ಅಮ್ಮನದ್ದು ಇವೆರಡಕ್ಕಿಂತ ಹಳೆಯ ಪದ್ಧತಿ, ಸೆರಗಿನ ಗಂಟು. ಕನ್ನಡಕ ಇಲ್ಲದೆಯೂ ಅಮ್ಮ ಚಿಲ್ಲರೆ ಎಣಿಸುತ್ತಾರೆ. ಒಂದು ಮತ್ತು ಎರಡರ ಸ್ಟೀಲ್ ನಾಣ್ಯಗಳು ನೋಡಲು ಅಕ್ಕತಂಗಿಯರ ಹಾಗೆ ಇರುತ್ತವಲ್ಲ, ಅದರಲ್ಲಿ ಕೈಯ ಚಿತ್ರ ಇರುವ ಒಂದು ಜಾತಿ ಇದೆ. ಹೆಬ್ಬೆರಳು ಎತ್ತಿದ್ದರೆ ಒಂದು, ಎರಡು ಬೆರಳು ಎತ್ತಿದ್ದರೆ ಎರಡು. ಅಮ್ಮ ಉಗುರಿನಲ್ಲಿ ಸವರಿಯೇ ಬೆರಳು ಲೆಕ್ಕ ಹಾಕುತ್ತಾರೆ. ಆ ನಾಣ್ಯ ಮಾಡಿದವರಿಗೆ ಇಷ್ಟು ಒಳ್ಳೆಯ ಗಿರಾಕಿ ಬೇರೆ ಸಿಕ್ಕಿರಲಾರರು.

ಕಷ್ಟ ಇರುವುದು ನಾಲ್ಕಾಣೆಯದ್ದು. 2011ರ ಜೂನ್ 30ಕ್ಕೆ 25 ಪೈಸೆಯ ಕಥೆ ಮುಗಿಯಿತು ಅಂತ ದೇಶಕ್ಕೆಲ್ಲ ಗೊತ್ತು. ಅಮ್ಮನ ಸಾಸಿವೆ ಡಬ್ಬಿಗೆ ಗೊತ್ತಿಲ್ಲ. ಅದರ ತಳದಲ್ಲಿ ಇನ್ನೂ ಒಂದು ಹಿಡಿ ಇದೆ. ಭಾಗಮಂಡಲಕ್ಕೆ ಹೋಗುವಾಗಲೆಲ್ಲ ನಾಲ್ಕೈದು ತೆಗೆದು ಸೆರಗಿಗೆ ಕಟ್ಟಿಕೊಳ್ಳುತ್ತಾರೆ, ಸಂಗಮದಲ್ಲಿ ನೀರಿಗೆ ಹಾಕಲು.

"ಅಮ್ಮಾ, ಅದು ನಡೆಯಲ್ಲಮ್ಮ" ಅಂದರೆ, "ಸರ್ಕಾರ ಬೇಡ ಅಂದ್ರೆ ಕಾವೇರಮ್ಮನೂ ಬೇಡ ಅಂತಾಳೇನೋ?" ಅನ್ನುತ್ತಾರೆ. ಇದಕ್ಕೆ ರಿಸರ್ವ್ ಬ್ಯಾಂಕಿನ ಹತ್ತಿರವೂ ಉತ್ತರ ಇರಲಿಕ್ಕಿಲ್ಲ.

ಇನ್ನು ಚಿಕ್ಕಪ್ಪ. ಸುಂಟಿಕೊಪ್ಪದ ಹತ್ತಿರ ಅವರದ್ದು ಸಣ್ಣ ಕಾಫಿ ತೋಟ. ಮಳೆಗಾಲದಲ್ಲಿ ತೋಟಕ್ಕೆ ಇಳಿದರೆ ಜಿಗಣೆ. ಜಿಗಣೆಗೆ ಮದ್ದು ಉಪ್ಪು. ಹಾಗಾಗಿ ಅವರ ಖಾಕಿ ಚಡ್ಡಿಯ ಜೇಬಿನಲ್ಲಿ ಸದಾ ಒಂದು ಉಪ್ಪಿನ ಪೊಟ್ಟಣ. ಅದೇ ಜೇಬಿನಲ್ಲಿ ಚಿಲ್ಲರೆ, ಅದೇ ಜೇಬಿನಲ್ಲಿ ದಾರಿಯಲ್ಲಿ ಹೆಕ್ಕಿದ ಕಾಳುಮೆಣಸು. ಮಳೆಗೆ ಪೊಟ್ಟಣ ನೆಂದು ಉಪ್ಪು ಕರಗಿ, ಐದು ರೂಪಾಯಿಯ ಹಿತ್ತಾಳೆ ಬಣ್ಣದ ನಾಣ್ಯಗಳು ಒಂದೇ ವಾರದಲ್ಲಿ ಪಾಚಿ ಹಿಡಿದ ಹಾಗೆ ಹಸಿರಾಗುತ್ತವೆ. ಚಿಕ್ಕಪ್ಪನ ಚಿಲ್ಲರೆ ಅಂತ ಅಂಗಡಿಯವರು ಮುಟ್ಟಿಯೇ ಹೇಳುತ್ತಾರೆ. ಉಪ್ಪು, ಖಾರ ಎರಡೂ ಹತ್ತಿರುತ್ತದೆ. ಹುಳಿ ಒಂದು ಇದ್ದಿದ್ದರೆ ಹಾಗೇ ಉಪ್ಪಿನಕಾಯಿ ಹಾಕಬಹುದಿತ್ತು. (ಮೆಷಿನ್‌ನಲ್ಲಿ ಸಿಕ್ಕ ನಾಲ್ಕು ಮೆಣಸು ಅವರ ತೋಟದ್ದೇ. ಜೇಬಿಗೆ ಹೇಗೆ ಬಂತು ಅಂತ ನನ್ನನ್ನು ಕೇಳಬೇಡಿ. ತೋಟಕ್ಕೆ ಹೋದವನ ಕೈ ಸುಮ್ನೆ ಇರುವುದಿಲ್ಲ.)

ಚಿಕ್ಕಪ್ಪನಿಗೆ ಚಿಲ್ಲರೆಯ ನಿಜವಾದ ಸಂಕಟ ಶನಿವಾರ, ಬಟವಾಡೆಯ ದಿನ. ಆಳುಗಳ ವಾರದ ಕೂಲಿ ಲೆಕ್ಕ ಹಾಕಿ, ಮಧ್ಯೆ ಕೊಟ್ಟ ಮುಂಗಡ ಕಳೆದು, ಅಂಗಡಿಯಿಂದ ತರಿಸಿಕೊಟ್ಟ ಬೆಲ್ಲ, ಬೀಡಿ, ಕಾಯಿಲೆ ಮಾತ್ರೆ ಎಲ್ಲ ಕಳೆದರೆ ಉಳಿಯುವ ಮೊತ್ತ ಯಾವತ್ತೂ ಸೊನ್ನೆಯಲ್ಲಿ ಮುಗಿಯುವುದಿಲ್ಲ. ಕುಯ್ಲಿನ ಕಾಲದಲ್ಲಂತೂ ಹಣ್ಣು ಕಿಲೋ ಲೆಕ್ಕ. ಒಬ್ಬರಿಗೆ ಏಳು ರೂಪಾಯಿ ಬಾಲ, ಇನ್ನೊಬ್ಬರಿಗೆ ಮೂರು. "ಮುಂದಿನ ವಾರ ಸೇರಿಸಿ ಕೊಡ್ತೀನಿ" ಅಂದರೆ ಎದುರಿಗೆ ತಲೆ ಆಡಿಸುತ್ತಾರೆ. ಆದರೆ ಯುಗಾದಿಯ ಹಿಂದಿನ ವಾರ ಉಳಿಸಿಕೊಂಡ ಎರಡು ರೂಪಾಯಿಯನ್ನು ವರ್ಷದ ಕೊನೆಯ ಹುತ್ತರಿ ಹಬ್ಬಕ್ಕೆ ನೆನಪಿಸುತ್ತಾರೆ. ಎರಡು ಎಕರೆಯ ಗಡಿ ತಕರಾರು ಬೇಕಾದರೆ ಮರೆತಾರು, ಎರಡು ರೂಪಾಯಿ ಮರೆಯುವವರಲ್ಲ. ಸರಿಯೇ ಅಲ್ವಾ, ಅದು ಅವರ ದುಡ್ಡು.

ಹಾಗಾಗಿ ಚಿಕ್ಕಪ್ಪ ಶುಕ್ರವಾರ ಮಡಿಕೇರಿ ಸಂತೆಗೆ ಬರುವುದು ತರಕಾರಿಗಲ್ಲ, ಚಿಲ್ಲರೆಗೆ. ಹತ್ತು ಅಂಗಡಿಯಲ್ಲಿ ಹತ್ತತ್ತು ರೂಪಾಯಿಯ ಕೊತ್ತಂಬರಿ ಸೊಪ್ಪು ಕೊಂಡು, ನೂರರ ನೋಟು ಮುರಿಸುತ್ತಾರೆ. ಹಾಗಾಗಿ ಪ್ರತಿ ಶುಕ್ರವಾರ ರಾತ್ರಿ ನಮ್ಮ ಮನೆಯಲ್ಲಿ ಕೊತ್ತಂಬರಿ ಸೊಪ್ಪಿನ ಚಟ್ನಿ. ವರ್ಷವಿಡೀ.

ಈಗ ಹತ್ತರ ಬಾಟಲಿಯ ವಿಷಯ. ಅದು ತುಂಬಿದ್ದು ಉಳಿತಾಯದಿಂದಲ್ಲ. ಹತ್ತರ ನಾಣ್ಯ ನಮಗೆ ಬರುತ್ತದೆ, ನಮ್ಮಿಂದ ಹೋಗುವುದಿಲ್ಲ, ಅದಕ್ಕೆ. "ಇಲ್ಲಿ ನಡೆಯಲ್ಲ ಸಾರ್, ನೋಟು ಕೊಡಿ" ಅನ್ನುವುದು ನಾನು ಅತಿ ಹೆಚ್ಚು ಕೇಳಿದ ಮಾತು. ಕೊಡುವಾಗ ಮಾತ್ರ ಅದೇ ಅಂಗಡಿಯವರು ನೋಟಿನ ನಡುವೆ ಮಡಚಿ, ಬಾಳೆಎಲೆಯಲ್ಲಿ ಕಡುಬು ಸುತ್ತಿದ ಹಾಗೆ ಸುತ್ತಿ ದಾಟಿಸಿಬಿಡುತ್ತಾರೆ. ನಮ್ಮ ಬೀದಿಯ ಅಂಗಡಿಯವರದ್ದು ಒಂದು ಸಿದ್ಧಾಂತವೇ ಇದೆ. ನಾಣ್ಯದ ಮೇಲಿನ ಗೆರೆ ಹತ್ತು ಇದ್ದರೆ ಅಸಲಿ, ಹದಿನೈದು ಇದ್ದರೆ ನಕಲಿ. ನಾನು ವಾದಿಸಿ ನೋಡಿದೆ. ಗೆರೆ ಇರುವ ನಾಣ್ಯಗಳಲ್ಲಿ ರೂಪಾಯಿ ಚಿಹ್ನೆ ಬರುವ ಮೊದಲಿನವು ಹದಿನೈದು ಗೆರೆಯವು, ಚಿಹ್ನೆ ಬಂದ ಮೇಲಿನವು ಹತ್ತು ಗೆರೆಯವು ಅಂದೆ. ಹದಿನಾಲ್ಕು ವಿನ್ಯಾಸ ಇದೆ, ಎಲ್ಲವೂ ನಡೆಯುತ್ತದೆ ಅಂತ ರಿಸರ್ವ್ ಬ್ಯಾಂಕೇ 2018ರಲ್ಲಿ ಹೇಳಿದೆ ಅಂದೆ. ಅವರು ಶಾಂತವಾಗಿ, "ಹಾಗಾದ್ರೆ ರಿಸರ್ವ್ ಬ್ಯಾಂಕಿಗೇ ಕೊಡಿ ಸಾರ್, ನನಗೆ ಬೇಡ" ಅಂದರು.

ಒಂದು ಕಾನೂನು ಕೂಡ ಇದೆ. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳಲ್ಲಿ ಒಟ್ಟು ಸಾವಿರ ರೂಪಾಯಿವರೆಗೆ ಪಾವತಿ ಮಾಡಬಹುದು. ಆದರೆ ಅರ್ಧ ಲೀಟರ್ ಹಾಲಿಗೆ ಕಾಯ್ದೆ ಓದಿದರೆ, ಮರುದಿನದಿಂದ ನಮಗೆ ಹಾಲು ಎತ್ತಿಡುವವರು ಯಾರು?

ಮೆಷಿನ್ ಕೆಟ್ಟ ವಾರವೇ, ಗುರುವಾರ, ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು. ಟಿವಿ ಇಲ್ಲ, ಫೋನಿನಲ್ಲಿ ಟವರ್ ಇಲ್ಲ. ಮೇಣದಬತ್ತಿ ಹಚ್ಚಿಕೊಂಡು ಹೆಂಡತಿ ಹತ್ತರ ಬಾಟಲಿ ಸುರಿದಳು. 64 ನಾಣ್ಯ. "ರೀ, ಗೆರೆ ಎಣಿಸೋಣ. ಹತ್ತು ಗೆರೆಯದ್ದು ಆ ಅಂಗಡಿಗೆ ಕೊಟ್ಟು ಮುಗಿಸೋಣ" ಅಂದಳು. ನಲವತ್ತು ದಾಟಿದ ಇಬ್ಬರು ಮೇಣದಬತ್ತಿ ಬೆಳಕಲ್ಲಿ ನಾಣ್ಯದ ಗೆರೆ ಎಣಿಸುವುದನ್ನು ಹೊರಗಿನಿಂದ ಯಾರಾದರೂ ನೋಡಿದ್ದರೆ ಖೋಟಾ ನಾಣ್ಯದ ಕಾರ್ಖಾನೆ ಅಂದುಕೊಳ್ಳುತ್ತಿದ್ದರು. ಹದಿನೈದು ಗೆರೆಯವು ಮತ್ತೆ ಬೆರೆತು ಹೋಗಬಾರದು ಅಂತ ಅವಳು ಅವುಗಳ ಮೇಲೆ ನೇಲ್ ಪಾಲಿಶ್‌ನಲ್ಲಿ ಒಂದೊಂದು ಕೆಂಪು ಚುಕ್ಕಿ ಇಟ್ಟಳು. ಒಟ್ಟು 27 ಚುಕ್ಕಿ.

ಶುಕ್ರವಾರ ಸಂತೆಯಲ್ಲಿ ಗಾಳಿಮಳೆಗೆ ಜನವೇ ಇಲ್ಲ. ಶನಿವಾರ ಬೆಳಿಗ್ಗೆ ಚಿಕ್ಕಪ್ಪ ಕೊಪ್ಪೆ ಹೊದ್ದ ಹಾಗೆ ಪ್ಲಾಸ್ಟಿಕ್ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದರು. ಈ ಸಲ ಕೊತ್ತಂಬರಿ ಸೊಪ್ಪು ಇರಲಿಲ್ಲ. "ಬಟವಾಡೆಗೆ ಚಿಲ್ಲರೆ ಇಲ್ಲ ಕಣೋ, ಏನಿದ್ರೂ ಕೊಡು."

ಹತ್ತು ಗೆರೆಯವನ್ನು ಹೆಂಡತಿ ಆಗಲೇ ಅಂಗಡಿಗೆ ಎತ್ತಿಟ್ಟಿದ್ದಳು. ಚುಕ್ಕಿಯವು 27 ಕೊಟ್ಟೆವು. ಚಿಕ್ಕಪ್ಪ ಎಣಿಸದೆ ಜೇಬಿಗೆ ಹಾಕಿಕೊಂಡರು. ಉಪ್ಪಿನ ಜೇಬಿಗೇ.

ಮುಂದಿನ ಶುಕ್ರವಾರ ಸಿಕ್ಕಾಗ ಕೇಳಿದೆ, ಆಳುಗಳು ಹತ್ತರ ನಾಣ್ಯ ತಗೊಂಡ್ರಾ ಅಂತ.

"ಮೊದಲು ತಗೊಳ್ಳಲಿಲ್ಲ. ಇದೇನು ಸಾಹುಕಾರ್ರೆ ಕೆಂಪು ಅಂತ ಕೇಳಿದ್ರು. ಕುಂಕುಮ, ತಲಕಾವೇರಿಯಿಂದ ಬಂದದ್ದು ಅಂದೆ. ಎಲ್ಲಾ ಎರಡೂ ಕೈ ಚಾಚಿ ತಗೊಂಡ್ರು. ಇನ್ನೂ ಇದೆಯಾ ಅಂತ ಕೇಳ್ತಿದ್ದಾರೆ."

"ಸುಳ್ಳಲ್ವಾ ಚಿಕ್ಕಪ್ಪ?"

"ಏನು ಸುಳ್ಳು? ಅವತ್ತು ಮಳೆ ತಲಕಾವೇರಿ ಕಡೆಯಿಂದಲೇ ಹೊಡೀತಿತ್ತು."

ಅದನ್ನು ನಾವು ಮರೆತೂಬಿಟ್ಟೆವು. ಮಳೆ ನಿಂತಿತು, ಕೈಲ್‌ಪೊಳ್ದು ಹಬ್ಬ ಕಳೆಯಿತು. ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣಕ್ಕೆ ಅಮ್ಮ ಭಾಗಮಂಡಲ, ತಲಕಾವೇರಿ ಎರಡೂ ಮುಗಿಸಿ, ಬಾಟಲಿಯಲ್ಲಿ ತೀರ್ಥ ತಂದರು. ಎರಡು ದಿನ ಬಿಟ್ಟು ಮೆಷಿನ್ ಮತ್ತೆ ಗಡಗಡ ಅಂದಿತು.

ಹೆಂಡತಿ ನನ್ನ ಕಡೆ ತಿರುಗಿದಳು. ನಾನು ನಾಲ್ಕೂ ಜೇಬು ಹೊರಗೆಳೆದು ತೋರಿಸಿದೆ.

ಅದೇ ರಿಪೇರಿಯವನು ಬಂದ. ಅದೇ ಮುಚ್ಚಳ ತೆಗೆದ. ಈ ಸಲ ಹೊರಗೆ ಬಂದದ್ದು ಮೂರು ನಾಲ್ಕಾಣೆ. ನೀರಿಗೆ ಹಾಕಿ ಉಳಿದದ್ದನ್ನು ಅಮ್ಮ ಸೆರಗಿನಲ್ಲೇ ಮರೆತಿದ್ದರು. ಅವನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, "ಇದನ್ನ ನಾನು ನೋಡೇ ಇಲ್ಲ ಸಾರ್" ಅಂದ. 75 ಪೈಸೆಗೆ 450 ರೂಪಾಯಿ. ಅಮ್ಮ ಒಳಗೆ ಸಾಸಿವೆ ಹುರಿಯುತ್ತಿದ್ದವರು ಹೊರಗೆ ಬರಲೇ ಇಲ್ಲ.

ಈ ಸಲ ನೆಟ್‌ವರ್ಕ್ ಇತ್ತು, ಫೋನಲ್ಲಿ ಕಳಿಸಿದೆ. ಅವನು ಬ್ಯಾಗ್ ಎತ್ತಿಕೊಂಡವನು ನಿಂತು, "ಹೋದ ಸಲದ 50 ಬಾಕಿ ಇದೆಯಲ್ಲ ಸಾರ್" ಅಂತ ತಾನೇ ನೆನಪಿಸಿಕೊಂಡು ಜೇಬಿಗೆ ಕೈ ಹಾಕಿದ. ಹತ್ತರ ನೋಟು ನಾಲ್ಕು ಕೊಟ್ಟ. ಐದನೆಯದಾಗಿ ಒಂದು ಹತ್ತರ ನಾಣ್ಯ ಮುಂದೆ ಹಿಡಿದ.

"ಇದು ಇಲ್ಲಿ ನಡೆಯಲ್ಲಪ್ಪ, ನೋಟಿದ್ರೆ ಕೊಡು" ಅಂತ ನನ್ನ ಬಾಯಿಂದ ಬಂದೇಬಿಟ್ಟಿತು.

"ಹಾಗನ್ನಬೇಡಿ ಸಾರ್" ಅಂದ ಅವನು. ದನಿ ಇಳಿಸಿದ. "ಇದು ತಲಕಾವೇರಿಯದ್ದು. ಸುಂಟಿಕೊಪ್ಪದ ಹತ್ತಿರ ತೋಟದ ಆಳುಗಳ ಒಂದು ಲೈನ್ ಮನೆಯಲ್ಲಿ ಮಿಕ್ಸಿ ರಿಪೇರಿ ಮಾಡಿದ್ದೆ. ಚಿಲ್ಲರೆ ಸಾಲಲಿಲ್ಲ ಅಂತ ದೇವರ ಮುಂದೆ ಇಟ್ಟಿದ್ದನ್ನೇ ತೆಗೆದುಕೊಟ್ರು. ನೋಡಿ, ಕುಂಕುಮ ಇನ್ನೂ ಹೋಗಿಲ್ಲ."

ತಲಕಾವೇರಿ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಅವನ ಕೈಯಿಂದ ನಾಣ್ಯ ತೆಗೆದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡರು. ನಾನು ಹೆಂಡತಿಯನ್ನು ನೋಡಿದೆ. ಅವಳು ತನ್ನ ಉಗುರುಗಳನ್ನು ನೋಡಿಕೊಂಡು, ಕೈಯನ್ನು ನಿಧಾನವಾಗಿ ಸೆರಗಿನೊಳಗೆ ಎಳೆದುಕೊಂಡಳು.