ಸತ್ಯಾಂಶ: ವಿಷುವ ಬಂತೆಂದು ಹುಬ್ಬಳ್ಳಿ ಬಿಸಿಯೇರುವುದಿಲ್ಲ

‘ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ವಿಷುವದ ಐದು ದಿನ ತಾಪಮಾನ 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಹೊರಗೆ ಬರಬೇಡಿ’ ಎಂಬ ಸಂದೇಶ ಸೆಪ್ಟೆಂಬರ್ ಕೊನೆಯಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಬಿಸಿಲು ನಿಜ, ಕಾರಣ ಸುಳ್ಳು.

ವಿಷುವದಂದು, ಅಂದರೆ ಹಗಲು-ರಾತ್ರಿ ಹೆಚ್ಚುಕಡಿಮೆ ಸಮವಾಗುವ ಸೆಪ್ಟೆಂಬರ್ 22 ಅಥವಾ 23ರಂದು, ಸೂರ್ಯ ನೆತ್ತಿಗೆ ಬರುವುದು ಭೂಮಧ್ಯರೇಖೆಯಲ್ಲಿ. ನಾವಿರುವುದು ಅದರಿಂದ 15 ಡಿಗ್ರಿ ಉತ್ತರಕ್ಕೆ. ನಂಬಿಕೆ ಬಾರದಿದ್ದರೆ ಅಂದು 12.20ರ ಸುಮಾರಿಗೆ ಅಂಗಳದಲ್ಲಿ ಒಂದು ಮೀಟರ್ ಕೋಲು ನಿಲ್ಲಿಸಿ: ಉತ್ತರಕ್ಕೆ ಗೇಣಿಗಿಂತ ಉದ್ದದ, ಸುಮಾರು 27 ಸೆಂಟಿಮೀಟರ್ ನೆರಳು ಬೀಳುತ್ತದೆ. ನಮ್ಮೂರಿನಲ್ಲಿ ನೆರಳು ಮಾಯವಾಗುವುದು ಮೇ ಮೊದಲ ವಾರ, ಮತ್ತೆ ಆಗಸ್ಟ್ 10ರ ಆಸುಪಾಸು. ಆಗಸ್ಟಿನಲ್ಲಿ ಯಾರೂ ಬೆವರುವುದಿಲ್ಲ, ಮೋಡವಿರುತ್ತದಲ್ಲ!

ಗುಟ್ಟು ಇರುವುದೂ ಮೋಡದಲ್ಲೇ. ಉತ್ತರಿ ಮಳೆ ಕೈಕೊಟ್ಟರೆ, ಮುಂಗಾರು ಹಿಂದೆ ಸರಿದರೆ ಬಿಸಿಲಿಗೆ ತಡೆಯಿಲ್ಲ. ಗದಗದ ಎರೆಹೊಲದಲ್ಲಿ ಮೇಲೆ ಬಿರುಕು, ಗೇಣು ಅಗೆದರೆ ಇನ್ನೂ ತೇವ. ಆ ತೇವ ಆವಿಯಾಗಿ ಗಾಳಿ ಸೇರಿದಾಗ ಬೆವರು ಆರುವುದಿಲ್ಲ. 32 ಡಿಗ್ರಿಯೂ ಏಪ್ರಿಲ್‌ನಂತೆ ಕುದಿಸುತ್ತದೆ. ಇದನ್ನೇ ಹವಾಮಾನದವರು ‘ಅಕ್ಟೋಬರ್ ಧಗೆ’ ಎನ್ನುವುದು.

ಹೆಸರುಕಾಳು ಒಣಗಿಸುವವರಿಗೆ ಮಾತ್ರ ಈ ಬಿಸಿಲು ಬೇಕೇ ಬೇಕು. ಸಂಜೆ ಗುಡುಗು ಕೇಳಿಸಿದರೆ ತಾಡಪತ್ರಿ ಹೊದಿಸಿ.