ಬಿಚ್ಚಿ ನೋಡದೆ ಏನ್ ಹೇಳ್ಲಿ ಸಾರ್?

"ಸಾರ್, ಇದ್ರಲ್ಲಿ ಝಡ್ ಒತ್ತಿದ್ರೆ ವೈ ಬರುತ್ತಲ್ಲ, ಕೀಬೋರ್ಡೂ ಹೋಗಿದ್ಯಾ?" ಅಂತ ನನ್ನ ಲ್ಯಾಪ್‌ಟಾಪ್ ರಿಪೇರಿ ಮಾಡಿದ ತುಮಕೂರಿನ ಅಂಗಡಿ ಹುಡುಗ ಕೇಳಿದಾಗ ನನಗೆ ನಗು ಬಂತು. ಕೀಬೋರ್ಡ್ ಹೋಗಿರಲಿಲ್ಲ. ಜರ್ಮನಿಯ ಕೀಬೋರ್ಡಿನಲ್ಲಿ ಆ ಎರಡು ಅಕ್ಷರ ಜಾಗ ಬದಲಾಯಿಸಿಕೊಂಡಿರುತ್ತವೆ, ಇವನು ಅಭ್ಯಾಸಬಲದಿಂದ ನೋಡದೆ ಒತ್ತಿದ್ದ. ಅಷ್ಟಕ್ಕೇ ಯಾಕೆ ಖುಷಿ ಅಂದರೆ, ಮೂರು ತಿಂಗಳಿಂದ ಆ ಲ್ಯಾಪ್‌ಟಾಪ್‌ನಲ್ಲಿ ಯಾವ ಅಕ್ಷರವೂ ಬಂದಿರಲಿಲ್ಲ.

ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದು ಒಂಬತ್ತು ವರ್ಷವಾಯಿತು. ಊರು ತುಮಕೂರು, ಮನೆ ಎಸ್.ಎಸ್. ಪುರಂ. ಲ್ಯಾಪ್‌ಟಾಪ್ ಜರ್ಮನಿಯಲ್ಲೇ 2021ರಲ್ಲಿ ಕೊಂಡಿದ್ದು. 2024ರ ಅಕ್ಟೋಬರಿನಲ್ಲಿ ಒಂದು ದಿನ ಚಾರ್ಜರ್ ಹಾಕಿದರೆ ಲೈಟು ಒಂದೇ ಒಂದು ಸಲ ಮಿನುಗಿ ಆರಿತು. ಆಮೇಲೆ ಏನು ಮಾಡಿದರೂ ಇಲ್ಲ. ಬಟನ್ ಮೂವತ್ತು ಸೆಕೆಂಡ್ ಒತ್ತಿ ಹಿಡಿದಿದ್ದು, ಬೇರೆ ಚಾರ್ಜರ್ ಹಾಕಿದ್ದು, ಕೊನೆಗೆ ಸುಮ್ನೆ ಬೆನ್ನು ತಟ್ಟಿ ನೋಡಿದ್ದು, ಎಲ್ಲಾ ಆಯಿತು.

ಜರ್ಮನಿಯಲ್ಲಿ ಗಿರಾಕಿಗೆ ಕಾಗದದ ಬಲ ಚೆನ್ನಾಗಿದೆ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಹೊಸ ವಸ್ತು ಕೊಂಡರೆ ಎರಡು ವರ್ಷ ಮಾರಿದ ಅಂಗಡಿಯೇ ಹೊಣೆ. ಅದು ಕಂಪನಿಯವರು ದೊಡ್ಡ ಮನಸ್ಸು ಮಾಡಿ ಕೊಡುವ ವಾರಂಟಿ ಅಲ್ಲ, ಕಾನೂನು. ಮೊದಲ ವರ್ಷದೊಳಗೆ ಕೆಟ್ಟರೆ, ಮಾರುವಾಗ ಸರಿ ಇತ್ತು ಅಂತ ತೋರಿಸಬೇಕಾದವನು ಅಂಗಡಿಯವನು, ನಾವಲ್ಲ. 2022ಕ್ಕೆ ಮುಂಚೆ ಈ ಅವಧಿ ಆರು ತಿಂಗಳಿತ್ತು, ಈಗ ಒಂದು ವರ್ಷ. ನನ್ನ ಲ್ಯಾಪ್‌ಟಾಪ್ ಮಹರಾಯ ಇದನ್ನೆಲ್ಲ ಓದಿಕೊಂಡವನ ಹಾಗೆ, ಮೂರು ವರ್ಷ ದಾಟಿದ ಮೇಲೆ ಕೆಟ್ಟಿತು.

ಕಂಪನಿಯ ಸರ್ವಿಸ್ ಸೆಂಟರ್‌ಗೆ ತೆಗೆದುಕೊಂಡು ಹೋದೆ. ಬರೀ ನೋಡುವುದಕ್ಕೆ 79 ಯೂರೋ ಅಂದರು. ಖರ್ಚು ಎಷ್ಟಾಗಬಹುದು ಅಂತ ಬರೆದು ಕೊಡುವ ಚೀಟಿಗೆ ಅಲ್ಲಿ 'ಕೋಸ್ಟನ್‌ಫೋರಾನ್‌ಶ್ಲಾಗ್' ಅಂತ ಹೆಸರು, ಹೇಳಿ ಮುಗಿಸುವಷ್ಟರಲ್ಲಿ ಕಾಸು ಹೋಗಿರುತ್ತೆ. ಹತ್ತು ದಿನ ಬಿಟ್ಟು ಮೇಲ್ ಬಂತು: ಮದರ್‌ಬೋರ್ಡ್ ಬದಲಿಸಬೇಕು, 540 ಯೂರೋ. ನಮ್ಮ ಲೆಕ್ಕದಲ್ಲಿ 48 ಸಾವಿರದ ಹತ್ತಿರ. ಒಳಗೆ ಏನು ನೋಡಿದರು, ಏನು ಕೆಟ್ಟಿದೆ ಅಂತ ಒಂದು ಸಾಲು ಇಲ್ಲ. ಫೋನ್ ಮಾಡಿ ಕೇಳಿದರೆ, ನಾವು ಬೋರ್ಡ್ ರಿಪೇರಿ ಮಾಡುವುದಿಲ್ಲ, ಬದಲಿಸುತ್ತೇವೆ ಅಂದರು. ಬಹಳ ಮರ್ಯಾದೆಯಿಂದಲೇ ಹೇಳಿದರು.

ಆಮೇಲೆ ಒಂದು ರಿಪೇರಿ ಕೆಫೆಗೂ ಹೋದೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾದ ಏರ್ಪಾಡು ಇದು, ಈಗ ಜರ್ಮನಿಯ ಎಷ್ಟೋ ಊರುಗಳಲ್ಲಿದೆ. ಶನಿವಾರ ಒಂದು ಸಮುದಾಯ ಭವನದಲ್ಲಿ ಟೇಬಲ್ ಹಾಕಿಕೊಂಡು ನಿವೃತ್ತರಾದ ಹಿರಿಯರು ಕೂತಿರುತ್ತಾರೆ, ಕೆಟ್ಟ ಟೋಸ್ಟರ್, ಇಸ್ತ್ರಿಪೆಟ್ಟಿಗೆ, ಗಡಿಯಾರ ಪುಕ್ಕಟೆ ಸರಿ ಮಾಡಿಕೊಡುತ್ತಾರೆ, ಪಕ್ಕದಲ್ಲಿ ಕಾಫಿ, ಕೇಕು. ಹಾಳಾದರೆ ನೀವೇ ಹೊಣೆ ಅಂತ ಮೊದಲು ಸಹಿ ಹಾಕಿಸಿಕೊಳ್ಳುತ್ತಾರೆ. ನನ್ನದನ್ನು ನೋಡಿದ ಅಜ್ಜ ತುಂಬಾ ಒಳ್ಳೆಯವರು. ಹಿಂದಿನ ಮುಚ್ಚಳ ಬಿಚ್ಚಿದರು, ಫ್ಯಾನಿನ ಧೂಳು ತೆಗೆದರು, ಬೋರ್ಡಿನ ಮೇಲಿನ ಚಿಕ್ಕ ಚಿಕ್ಕ ಭಾಗಗಳ ಮೇಲೆ ಕೈ ಆಡಿಸಿ, ಇದಕ್ಕೆ ಬೇಕಾದ ಕಣ್ಣೂ ನನಗಿಲ್ಲ, ಸಾಮಾನೂ ಇಲ್ಲ ಅಂದರು. ಮೂರು ತಿಂಗಳಲ್ಲಿ ನನ್ನೆದುರು ಅದನ್ನು ಬಿಚ್ಚಿದ ಮೊದಲ ಮನುಷ್ಯ ಅವರೇ.

2025ರ ಜನವರಿಯಲ್ಲಿ ಸಂಕ್ರಾಂತಿಗೆ ಊರಿಗೆ ಬಂದಾಗ ಸೂಟ್‌ಕೇಸಿನಲ್ಲಿ ಅದನ್ನೂ ಹಾಕಿಕೊಂಡು ಬಂದೆ. ಭಾವ ಮೊದಲು ಇಲ್ಲಿನ ಕಂಪನಿ ಸೆಂಟರ್‌ಗೆ ಫೋನ್ ಮಾಡಿ ವಿಚಾರಿಸಿದರು. ಅವರೂ ಅದೇ ಮಾತು: ಬೋರ್ಡ್ ಬದಲಿಸಬೇಕಾಗುತ್ತೆ, ಫಾರಿನ್ ಮಾಡೆಲ್, ಬೋರ್ಡ್ ಸಿಗೋದು ಡೌಟು. ಲ್ಯಾಪ್‌ಟಾಪ್ ಕಣ್ಣಿಂದ ನೋಡಿಯೂ ಇರಲಿಲ್ಲ! ಅಲ್ಲಿಗೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನಾವು ಹೊರಗಿದ್ದವರು "ಅಲ್ಲಿ ಸಿಸ್ಟಂ ಇದೆ, ಇಲ್ಲಿ ಇಲ್ಲ" ಅಂತ ಜಂಬ ಕೊಚ್ಚುತ್ತೇವಲ್ಲ, ಕಂಪನಿಯ ಕೌಂಟರ್ ಮುಂದೆ ನಿಂತರೆ ಸ್ಟುಟ್‌ಗಾರ್ಟೂ ಒಂದೇ, ತುಮಕೂರೂ ಒಂದೇ. ಆ ಕೌಂಟರ್ ಬಿಟ್ಟು ಹೊರಗೆ ಬಂದರೆ ಯಾರು ಸಿಗುತ್ತಾರೆ ಅನ್ನೋದರಲ್ಲಿ ವ್ಯತ್ಯಾಸ.

ಇಲ್ಲಿ ಸಿಕ್ಕಿದ್ದು ಅಶೋಕ ರಸ್ತೆಯ ಕಡೆ ಒಂದು ಮಹಡಿ ಅಂಗಡಿ. ಎರಡು ಬೈಕ್ ನಿಲ್ಲಿಸುವಷ್ಟು ಜಾಗ. ನಾನು ಹೋದಾಗ ಇಬ್ಬರು ಇಂಜಿನಿಯರಿಂಗ್ ಹುಡುಗರು ಕೂತಿದ್ದರು, ಒಬ್ಬನದು ಹಿಂಜ್ ಮುರಿದು ಸ್ಕ್ರೀನು ಒಂದು ಕಡೆ ಜೋತುಬಿದ್ದಿತ್ತು. ಪ್ಲಾಸ್ಟಿಕ್‌ನಲ್ಲಿ ಕೂರಿಸಿದ ಹಿತ್ತಾಳೆಯ ಸಣ್ಣ ನಟ್ಟು ಕಿತ್ತುಬರುವುದು, ಅದಕ್ಕೆ ಕಂಪನಿಯವರು ಇಡೀ ಪ್ಯಾನಲ್ ಬದಲಿಸಬೇಕು ಅನ್ನುವುದು, ಅಂಗಡಿಯ ಹುಡುಗ ಅರಾಲ್ಡೈಟ್ ಅಂಟು ಹಾಕಿ ನಟ್ಟು ಕೂರಿಸಿ ರಾತ್ರಿಯಿಡೀ ಒಣಗಲು ಬಿಡುವುದು, ಇದು ಅವನ ದಿನದ ಅನ್ನ ಅಂತೆ.

ನಾನು ಕಲಿತ ಪಾಠದಂತೆ ಮೊದಲು "ಎಷ್ಟಾಗುತ್ತೆ?" ಅಂತ ಕೇಳಿದೆ. "ಬಿಚ್ಚಿ ನೋಡದೆ ಏನ್ ಹೇಳ್ಲಿ ಸಾರ್?" ಅಂದ. ಬಿಚ್ಚಿದ. ನನ್ನ ಮುಂದೆಯೇ. ಬೋರ್ಡ್ ಹೊರಗೆ ತೆಗೆದು, ಮಲ್ಟಿಮೀಟರಿನ ಎರಡು ಕಡ್ಡಿ ಇಟ್ಟ ಕೂಡಲೇ ಬೀಪ್ ಅಂತು. "ನೋಡಿ, 19 ವೋಲ್ಟ್ ಲೈನೇ ಶಾರ್ಟು. ಅದಕ್ಕೇ ಚಾರ್ಜರ್ ಹಾಕಿದ್ರೆ ಆಫ್ ಆಗ್ತಿದೆ." ಚಾರ್ಜರಿಗೆ ತನ್ನನ್ನು ತಾನು ಕಾಪಾಡಿಕೊಳ್ಳುವ ಏರ್ಪಾಡು ಇರುತ್ತೆ, ಮುಂದೆ ಶಾರ್ಟ್ ಇದ್ದರೆ ತಾನೇ ಕಟ್ ಆಗುತ್ತೆ. ನನ್ನ ಲೈಟು ಒಂದು ಸಲ ಮಿನುಗಿ ಆರಿದ್ದು ಅದಕ್ಕೆ. ಆ ಲೈನಿನ ಮೇಲೆ ಕೆಪಾಸಿಟರ್ ಅನ್ನುವ ಪುಟ್ಟ ಬಿಡಿಭಾಗಗಳು ಹತ್ತಾರು ಇರುತ್ತವೆ, ಯಾವುದು ಹೋಗಿದೆ ಅಂತ ಹುಡುಕಬೇಕು. ಅವನು ಪವರ್ ಸಪ್ಲೈಯಿಂದ ಒಂದೇ ಒಂದು ವೋಲ್ಟ್ ಕೊಟ್ಟ, ಬೋರ್ಡಿನ ಮೇಲೆ ಅದನ್ನು ಒರೆಸುವ ಸ್ಪಿರಿಟ್ ಹನಿಸಿದ. ಎಲ್ಲಾ ಕಡೆ ಒದ್ದೆ. ಒಂದು ಚುಕ್ಕೆ ಮಾತ್ರ ಕಣ್ಣ ಮುಂದೆಯೇ ಆರಿಹೋಯಿತು. ಶಾರ್ಟ್ ಆದದ್ದು ಬಿಸಿಯಾಗುತ್ತೆ, ಬಿಸಿಯಾದ ಕಡೆ ಸ್ಪಿರಿಟ್ ಮೊದಲು ಹಾರುತ್ತೆ. ಇಷ್ಟೇ. ಬಿಸಿಗಾಳಿ ಹಿಡಿದು ಅದನ್ನು ಎತ್ತಿ ನನ್ನ ಅಂಗೈ ಮೇಲೆ ಹಾಕಿದ. ರಾಗಿಕಾಳಿನಷ್ಟು. ಮೂಲೆಯಲ್ಲಿ ಗೋಣಿಚೀಲದಲ್ಲಿದ್ದ ಸ್ಕ್ರ್ಯಾಪ್ ಬೋರ್ಡುಗಳಲ್ಲಿ ಒಂದನ್ನು ಎಳೆದು, ಅದರಿಂದ ಅಂಥದ್ದೇ ಇನ್ನೊಂದು ಕಿತ್ತು ಕೂರಿಸಿದ. ಆ ಚೀಲ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಂದದ್ದು, ಕೆ.ಜಿ. ಲೆಕ್ಕದಲ್ಲಿ ತರುತ್ತಾನಂತೆ. 1,800 ರೂಪಾಯಿ, ಒಂದೂವರೆ ಗಂಟೆ.

540 ಯೂರೋ ಎಲ್ಲಿ, ರಾಗಿಕಾಳು ಎಲ್ಲಿ!

ಈ ಕಥೆ ಹೇಳಿದರೆ ಅಲ್ಲಿನ ನಮ್ಮ ಕನ್ನಡದವರು ಎರಡು ಗುಂಪಾಗುತ್ತಾರೆ. ಒಂದು ಗುಂಪಿಗೆ ನಮ್ಮ ಹುಡುಗರ ತಲೆ ಅಂದರೆ ತಲೆ, ಎದೆ ಉಬ್ಬುತ್ತೆ. ಇನ್ನೊಂದು ಗುಂಪಿಗೆ ಇದೆಲ್ಲ ತೇಪೆ ಕೆಲಸ. ಎರಡನೆಯವರು ಹೇಳೋದು ತಪ್ಪು, ಕೆಟ್ಟ ಭಾಗ ಹುಡುಕಿ ಅದನ್ನಷ್ಟೇ ಬದಲಿಸುವುದಕ್ಕೆ ತೇಪೆ ಅನ್ನುವುದಿಲ್ಲ. ಒಂದು ಹಲ್ಲು ಹುಳುಕಾದರೆ ದವಡೆ ಬದಲಿಸುತ್ತಾರಾ? ಆದರೆ ಮೊದಲನೆಯವರ ಉಬ್ಬಿಗೂ ನನ್ನ ತಕರಾರಿದೆ. ಅಗ್ಗ ಆದದ್ದು ಬರೀ ತಲೆಯಿಂದ ಅಲ್ಲ. ಜರ್ಮನಿಯಲ್ಲಿ 2025ರಲ್ಲಿ ಕನಿಷ್ಠ ಕೂಲಿಯೇ ಗಂಟೆಗೆ 12.82 ಯೂರೋ ಇತ್ತು, ಕೌಶಲದ ಕೆಲಸಕ್ಕೆ ಇನ್ನೂ ಜಾಸ್ತಿ, ಅದರ ಮೇಲೆ ಅಂಗಡಿ ಬಾಡಿಗೆ, ವಿಮೆ, ತೆರಿಗೆ. ಎರಡು ಗಂಟೆ ಹುಡುಕಿ ಸಿಗದಿದ್ದರೆ ಅಂಗಡಿಯವನು ಮುಳುಗಿದ. ನಮ್ಮ ಹುಡುಗ ಸಿಗದಿದ್ದರೆ ಕಾಸೇ ತೆಗೆದುಕೊಳ್ಳಲ್ಲ ಅಂದ, ಅಂದರೆ ಆ ಎರಡು ಗಂಟೆ ಅವನ ಕಣ್ಣಿನ ಲೆಕ್ಕಕ್ಕೆ. ಅದನ್ನು ನಾನು ಹೊಗಳಲಾರೆ.

ಇನ್ನು ಇಲ್ಲಿನ ಕೊಳಕು. ಪಾಸ್‌ವರ್ಡ್ ಕೇಳಿದ, ಹೇಳಿದೆ, ಬಿಳಿ ಟೇಪಿನ ಮೇಲೆ ಫೋನ್ ನಂಬರಿನ ಜೊತೆ ಅದನ್ನೂ ಬರೆದು ಲ್ಯಾಪ್‌ಟಾಪ್ ಮೇಲೆಯೇ ಅಂಟಿಸಿದ! ರ್ಯಾಕ್ ನೋಡಿದರೆ ಹಾಗೆ ಅಂಟಿಸಿಕೊಂಡ ಇನ್ನೂ ಆರೇಳು ಇದ್ದವು, ಓದಬೇಕು ಅಂದರೆ ಯಾರು ಬೇಕಾದರೂ ಓದಬಹುದು. ಪವರ್ ಸಮಸ್ಯೆಗೆ ನಮ್ಮ ಫೈಲುಗಳೆಲ್ಲ ಇರುವ ಎಸ್‌ಎಸ್‌ಡಿ ಬೇಕಾಗಿಯೇ ಇಲ್ಲ, ಎಷ್ಟೋ ಮಾಡೆಲ್‌ಗಳಲ್ಲಿ ಒಂದು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತೆ, ಕಳಚಿ ಜೇಬಿಗೆ ಹಾಕಿಕೊಂಡು ಕೊಡಬಹುದಿತ್ತು. ಹೊಳೆಯಲಿಲ್ಲ.

ಅದಕ್ಕಿಂತ ದೊಡ್ಡದು ಚೆಕಿಂಗ್ ವಾರಂಟಿ. ಈ ಮಾತು ಜಗತ್ತಿನ ಯಾವ ಕಾನೂನು ಪುಸ್ತಕದಲ್ಲೂ ಇರಲಾರದು. ಕೌಂಟರ್ ಮೇಲೆ ಆನ್ ಮಾಡಿ ತೋರಿಸಿದಾಗ ಕೆಲಸ ಮಾಡಿತಾ, ಅಲ್ಲಿಗೆ ವಾರಂಟಿ ಮುಗಿಯಿತು, ಮೆಟ್ಟಿಲಿಳಿದ ಮೇಲೆ ನಿಮ್ಮ ಹಣೆಬರಹ. ಚಿಕ್ಕಮ್ಮನ ಮಗಳು ಹೋದ ವರ್ಷ ಬೇರೊಂದು ಅಂಗಡಿಯಲ್ಲಿ 3,200 ಕೊಟ್ಟು ಬ್ಯಾಟರಿ ಹಾಕಿಸಿದಳು, ಕಂಪನಿ ಪೀಸು ಅಂತ ಹೇಳಿದ್ದರು. ನಾಲ್ಕೇ ತಿಂಗಳಿಗೆ ಹೋಳಿಗೆ ಥರ ಉಬ್ಬಿ ಟಚ್‌ಪ್ಯಾಡನ್ನು ಮೇಲಕ್ಕೆ ಎತ್ತಿತು. ಹೋಗಿ ಕೇಳಿದರೆ "ನಮ್ಮ ಹತ್ರ ಹಾಕಿಸಿದ್ದಾ ಮೇಡಂ? ಬಿಲ್ ಇದ್ಯಾ?" ಬಿಲ್ ಅವರೇ ಕೊಟ್ಟಿರಲಿಲ್ಲ.

ಇಲ್ಲೇ ನನಗೆ ಸಿಟ್ಟು ಬರೋದು, ಯಾಕೆಂದರೆ ಕಾಗದದ ಬಲ ನಮಗೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ವಸ್ತು ಮಾರಿ ಅಥವಾ ಸೇವೆ ಕೊಟ್ಟು ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ ಅಂತ ಬರೆದಿದೆ. ದೂರು ಕೊಡಲು ಕಂಪನಿ ಇರುವ ಊರಿಗೆ ಅಲೆಯಬೇಕಾಗಿಲ್ಲ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹೋಗಬೇಕು ಅಷ್ಟೇ. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2022ರ ಡಿಸೆಂಬರಿನಲ್ಲಿ ಕೇಂದ್ರದವರು ರಿಪೇರಿ ಹಕ್ಕಿನ ಪೋರ್ಟಲ್ ಕೂಡ ತೆರೆದರು. ಯುರೋಪಿನವರು 2024ರಲ್ಲಿ ರಿಪೇರಿ ಹಕ್ಕಿನ ಹೊಸ ಕಾನೂನು ಮಾಡಿದಾಗ ನಾನು ಆಸೆಯಿಂದ ಪಟ್ಟಿ ನೋಡಿದ್ದೆ. ವಾಷಿಂಗ್ ಮಷೀನ್ ಇತ್ತು, ಫ್ರಿಜ್ ಇತ್ತು, ಮೊಬೈಲ್ ಇತ್ತು. ಲ್ಯಾಪ್‌ಟಾಪ್ ಇರಲಿಲ್ಲ.

ನನಗೆ ಯಾವುದು ಬೇಕು ಅಂತ ಕೇಳಿದರೆ, ಬೆಲೆ ಹೇಳುವ ಮುಂಚೆ ಬಿಚ್ಚಿ ನೋಡುವವನು ಬೇಕು. ಬಿಲ್ಲನ್ನು ನಾನು ಕೇಳಿ ಪಡೆಯಬಲ್ಲೆ. ಬಿಚ್ಚಲು ಒಪ್ಪದವನ ಕೈಲಿ ಬಿಚ್ಚಿಸುವುದು ಹೇಗೆ?

ಹಾಗಾಗಿ ಬಿಲ್ ಕೇಳಿದೆ. ಜೊತೆಗೆ ಬಂದಿದ್ದ ಅಪ್ಪ ನನ್ನ ತೋಳು ಹಿಡಿದು, "ಬಿಡೋ, ನಮ್ಮ ಹುಡ್ಗ, ಬೇಜಾರ್ ಮಾಡ್ಕೋತಾನೆ" ಅಂದರು. ಹುಡುಗ ಬೇಜಾರೇನೂ ಮಾಡಿಕೊಳ್ಳಲಿಲ್ಲ, ಆದರೆ ಬಿಲ್ ಬುಕ್ ಹುಡುಕೋಕೆ ಕೆಪಾಸಿಟರ್ ಹುಡುಕಿದ್ದಕ್ಕಿಂತ ಜಾಸ್ತಿ ಕಷ್ಟಪಟ್ಟ. ಕೊನೆಗೆ ಸ್ಕ್ರ್ಯಾಪ್ ಚೀಲದ ಹಿಂದೆ ಸಿಕ್ಕಿತು. ಧೂಳು ಒರೆಸಿ, ಲ್ಯಾಪ್‌ಟಾಪ್ ಶಾರ್ಟಿಂಗ್ ಕೆಲಸ, 1,800, ಒಂದು ತಿಂಗಳು ಗ್ಯಾರಂಟಿ ಅಂತ ಬರೆದು ಸಹಿ ಹಾಕಿದ. ಬಿಲ್ ನಂಬರ್ ನೋಡಿದೆ, 14. ಅಂಗಡಿ ಇಟ್ಟು ಆರು ವರ್ಷ ಆಯ್ತು ಅಂತ ಆಗಲೇ ಹೇಳಿದ್ದ.

"ಬೇರೆ ಯಾರೂ ಕೇಳಲ್ವಾ?" ಅಂದೆ.

"ಸ್ಕೂಲ್‌ನೋರು, ಬ್ಯಾಂಕ್‌ನೋರು ಕೇಳ್ತಾರೆ ಸಾರ್. ಮನೆಯೋರು ನೀವೇ ಮೊದ್ಲು."