ನನ್ನ ಗ್ರೀನ್‌ಹೌಸ್ ಧರ್ಮಛತ್ರ ಅಲ್ಲ

ಅಕ್ಟೋಬರ್ ಬಂತು ಅಂದರೆ ಶುರು. ಬೇಸಿಗೆಯಿಡೀ ಒಂದು ಫೋನೂ ಮಾಡದವರು "ಅಕ್ಕಾ, ಹೇಗಿದ್ದೀರಿ?" ಅಂತ ಮೆಸೇಜ್ ಹಾಕುತ್ತಾರೆ. ಎರಡನೇ ಮೆಸೇಜಿಗೆ ಗಿಡದ ಫೋಟೋ ಬರುತ್ತದೆ. "ಚಳಿ ಮುಗಿಯೋವರೆಗೆ ನಿಮ್ಮ ಗ್ರೀನ್‌ಹೌಸಲ್ಲಿ ಒಂದು ಮೂಲೇಲಿ ಇಟ್ಕೊಳ್ತೀರಾ? ಹೇಗೂ ಹೀಟರ್ ಓಡ್ತಾನೇ ಇರುತ್ತಲ್ಲ."

ಓಡುತ್ತೆ. ಬಿಲ್ ಕಟ್ಟೋರು ಯಾರು?

ನಾವಿರುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರ. ಭಾರತದಿಂದ ಹಸಿ ಕರಿಬೇವು ತರುವ ಹಾಗಿಲ್ಲ, ನಿಂಬೆ ಜಾತಿಯ ಗಿಡಗಳಿಗೆ ಕೀಟ, ರೋಗ ಬರುತ್ತೆ ಅಂತ ನಿಷೇಧ. ಅದಕ್ಕೇ ಇಲ್ಲಿ ಕನ್ನಡದವರ ಮನೆಯಲ್ಲಿ ಕರಿಬೇವಿನ ಗಿಡಕ್ಕೆ ಅಷ್ಟು ಬೆಲೆ. ನನ್ನದು 6×8 ಅಡಿಯ ಗಾಜಿನ ಗ್ರೀನ್‌ಹೌಸ್. ಎರಡು ಕರಿಬೇವು, ಒಂದು ದುಂಡುಮಲ್ಲಿಗೆ, ಅಮ್ಮ ಕೊಟ್ಟ ಬೀಜದಿಂದ ಬಂದ ತುಳಸಿ. ಅಷ್ಟಕ್ಕೇಂತ ಮಾಡಿಸಿದ್ದು. ಕೆಳಗೆ ಕಲ್ಲು ಹಾಸಿ, ಮನೆಯಿಂದ ನೆಲದಡಿಯಲ್ಲಿ ಗಟ್ಟಿ ಕವಚದ ಕೇಬಲ್ ಎಳೆಸಿ, ಕರೆಂಟ್ ಸೋರಿದರೆ ತಕ್ಷಣ ಕಡಿದುಹಾಕುವ ಆರ್‌ಸಿಡಿ ಸ್ವಿಚ್ ಕೂರಿಸಿ, ಗಾಜಿಗೆಲ್ಲ ಒಳಗಿನಿಂದ ಬಬಲ್ ರ‍್ಯಾಪ್ ಅಂಟಿಸಿ. ಹೀಟರಿಗಿಂತ ಎಲೆಕ್ಟ್ರಿಶಿಯನ್ ಜಾಸ್ತಿ ತೆಗೆದುಕೊಂಡ. ಆಗ ಮೂಲೆ ಕೇಳಿದವರು ಒಬ್ಬರೂ ಇರಲಿಲ್ಲ.

ಈಗ ಲೆಕ್ಕ ಕೇಳಿ. ಗಾಜು ಅಂದರೆ ಶಾಖಕ್ಕೆ ತೆರೆದ ಬಾಗಿಲು. ಇಷ್ಟು ಸಣ್ಣ ಗ್ರೀನ್‌ಹೌಸಿಗೂ, ಒಳಗೆ ಹೊರಗಿಗಿಂತ ಒಂದು ಡಿಗ್ರಿ ಹೆಚ್ಚಿಡಲು ಹತ್ತಿರ ಹತ್ತಿರ 100 ವಾಟ್ ಬೇಕು. ಬಬಲ್ ರ‍್ಯಾಪ್ ಹಾಕಿದರೆ 70 ಅಂದುಕೊಳ್ಳಿ. ಹೊರಗೆ 2 ಡಿಗ್ರಿ ಇದೆ, ನಾನು ಒಳಗೆ 7 ಇಡುತ್ತೇನೆ. ಅಂತರ 5 ಡಿಗ್ರಿ, ಅಂದರೆ 350 ವಾಟ್. ಚಳಿಗಾಲದ 14 ಗಂಟೆ ರಾತ್ರಿಗೆ ಸುಮಾರು 5 ಯೂನಿಟ್. ಕರಿಬೇವಿಗೆ ಅಷ್ಟು ಸಾಕು. ಒಂದಷ್ಟು ಎಲೆ ಉದುರಿಸಿ, ಮಣ್ಣು ಒಣಗಿಸಿಟ್ಟರೆ ಸುಮ್ಮನೆ ಮಲಗಿರುತ್ತದೆ. ಮಾರ್ಚ್ ಕಳೆದ ಮೇಲೆ ಚಿಗುರುತ್ತದೆ.

ಹೋದ ವರ್ಷ ಒಬ್ಬರು ವೀಳ್ಯದೆಲೆ ಬಳ್ಳಿ ತಂದಿಟ್ಟರು. ಮಹಾರಾಣಿಯವರಿಗೆ 15 ಡಿಗ್ರಿ ಬೇಕಂತೆ. "ಸ್ವಲ್ಪ ಜಾಸ್ತಿ ಮಾಡಿ ಅಕ್ಕಾ, ಏಳೆಂಟು ಡಿಗ್ರಿ ಅಷ್ಟೇ ತಾನೇ" ಅಂದರು. ಅಷ್ಟೇ ತಾನೇ! ಅಂತರ 5ರಿಂದ 13ಕ್ಕೆ ಏರಿತು, ರಾತ್ರಿಗೆ 13 ಯೂನಿಟ್. ಆಗ ಇಲ್ಲಿ ಯೂನಿಟ್‌ಗೆ ಸುಮಾರು 25 ಪೆನ್ಸ್ ಇತ್ತು. ಅವರ ಒಂದು ಬಳ್ಳಿಗೆ ರಾತ್ರಿಗೆ ಎರಡು ಪೌಂಡ್ ಹೆಚ್ಚು, ತಿಂಗಳಿಗೆ ಅರವತ್ತು. ಆ ದುಡ್ಡಿಗೆ ಎಲೆ ಅಡಿಕೆ ಅಂಗಡಿಯಲ್ಲೇ ತಂದು ವರ್ಷವಿಡೀ ಜಗಿಯಬಹುದಿತ್ತು.

ದುಡ್ಡು ಹಾಳಾಗಲಿ, ನನ್ನ ಕರಿಬೇವು ಕೆಟ್ಟಿತು. ಡಿಸೆಂಬರಲ್ಲಿ ಇಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ, ಇದ್ದಷ್ಟೂ ಮೋಡ. ಬೆಚ್ಚಗಾಯಿತು ಅಂತ ಗಿಡ ನಿದ್ದೆಯಿಂದ ಎದ್ದುಬಿಟ್ಟಿತು. ಬೆಳಕಿಲ್ಲ. ಬಿಳಿಚಿದ, ಉದ್ದುದ್ದ ಕಡ್ಡಿಯಂಥ ಚಿಗುರು ಬಂತು, ಜೋತು ಬಿದ್ದು ಬಾಗಿತು. ಒಗ್ಗರಣೆಗೆ ಹಾಕಿದರೆ ವಾಸನೆಯೇ ಇಲ್ಲ.

ಬಳ್ಳಿಯ ಜೊತೆ ಉಚಿತವಾಗಿ ಬಂದದ್ದು ಬಿಳಿ ನೊಣ, ಹಿಟ್ಟು ತಿಗಣೆ. ಹೊರಗೆ ಹಿಮ ಬಿದ್ದರೂ ಅವಕ್ಕೇನು, ಬೆಚ್ಚಗಿನ ಜಾಗ, ತಿನ್ನಲು ಮಲ್ಲಿಗೆ. ಎಲೆಯ ಸಂದಿಯಲ್ಲೆಲ್ಲ ಬಿಳಿ ಹತ್ತಿ ಮೆತ್ತಿದ ಹಾಗೆ ಕೂತವು. ರಾತ್ರಿ ಊಟ ಆದ ಮೇಲೆ ಟಾರ್ಚ್ ಹಿಡಿದು, ಕಿವಿಗೆ ಹಾಕೋ ಹತ್ತಿ ಕಡ್ಡಿಯನ್ನು ಸ್ಪಿರಿಟಿನಲ್ಲಿ ಅದ್ದಿ ಒಂದೊಂದನ್ನೇ ಒರೆಸುತ್ತಾ ಕೂತವಳು ನಾನು. ಬಳ್ಳಿಯ ಯಜಮಾನರು ಆಗ ಕ್ರಿಸ್‌ಮಸ್ ರಜೆಗೆ ಊರಿಗೆ ಹೋಗಿದ್ದರು.

ಏಪ್ರಿಲಲ್ಲಿ ಬಂದು ಬಳ್ಳಿ ನೋಡಿ ಏನಂದರು ಗೊತ್ತಾ? "ಯಾಕಕ್ಕಾ ಸ್ವಲ್ಪ ಸೊರಗಿದೆ?"

ಇನ್ನೊಂದು ಜಾತಿಯವರಿದ್ದಾರೆ, ಪುಕ್ಕಟೆ ಸಲಹೆ ಕೊಡೋರು. ಅದರಲ್ಲೂ ಗಂಡಸರು. "ಕರೆಂಟ್ ಯಾಕೆ ಮೇಡಂ? ಮೇಣದಬತ್ತಿ ಹಚ್ಚಿ ಮೇಲೆ ಮಣ್ಣಿನ ಕುಂಡ ಬೋರಲು ಹಾಕಿ, ಸೂಪರ್ ಹೀಟ್." ಯಾವುದೋ ವಿಡಿಯೋ ನೋಡಿರುತ್ತಾರೆ. ಸಣ್ಣ ಟೀ ಲೈಟ್‌ನಿಂದ 40 ವಾಟ್ ಬಂದರೆ ಪುಣ್ಯ. ಕುಂಡ ಮುಚ್ಚಿದ ಮಾತ್ರಕ್ಕೆ ಶಾಖ ಹೆಚ್ಚಾಗುವುದಿಲ್ಲ, ಮೇಣದಲ್ಲಿ ಇದ್ದಷ್ಟೇ ಬರೋದು. ಹೊರಗೆ ಮೈನಸ್ 5 ಆದ ರಾತ್ರಿ ನನಗೆ 840 ವಾಟ್ ಬೇಕು. ಇಪ್ಪತ್ತಕ್ಕೂ ಹೆಚ್ಚು ದೀಪ ಹಚ್ಚಿ, ರಾತ್ರಿಯಿಡೀ ಬದಲಾಯಿಸುತ್ತಾ, ಪ್ಲಾಸ್ಟಿಕ್ ಅಂಟಿಸಿದ ಗೋಡೆಗಳ ನಡುವೆ ಕಾಯುತ್ತಾ ಕೂರಬೇಕು. ಇನ್ನೊಬ್ಬರದು ಪ್ಯಾರಾಫಿನ್, ಅಂದರೆ ಸೀಮೆಎಣ್ಣೆ ಸ್ಟೌ. ಒಂದು ಲೀಟರ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹಬೆಯಾಗಿ ಹೊರಗೆ ಬರುತ್ತೆ ಸ್ವಾಮಿ, ಅದೆಲ್ಲ ತಣ್ಣಗಿನ ಗಾಜಿಗೆ ತಗುಲಿ ಎಲೆ ಮೇಲೆ ತೊಟ್ಟಿಕ್ಕುತ್ತೆ. ಆಮೇಲೆ ಬೂದು ಬಣ್ಣದ ಬೂಷ್ಟು. ಅದನ್ನು ಒರೆಸೋಕೆ ಅವರು ಬರ್ತಾರಾ?

ಎಲೆ ಕೊಡುವುದಕ್ಕೆ ನನಗೆ ಬೇಸರ ಇಲ್ಲ, ಅದು ಬೇರೆ ಮಾತು. ಬೇಸಿಗೆಯಲ್ಲಿ ಬನ್ನಿ, ಕೈತುಂಬ ಕಿತ್ತುಕೊಂಡು ಹೋಗಿ, ಚಿಗುರು ಚಿವುಟಿದರೆ ಗಿಡಕ್ಕೂ ಒಳ್ಳೆಯದು. ಆದರೆ ಈ ಸಲ ಗಿಡ ಒಳಗೆ ಬಿಡುವುದಿಲ್ಲ ಅಂತ ನಮ್ಮವರ ಮೆಸೇಜ್ ಗುಂಪಿನಲ್ಲೇ ಹಾಕಿದೆ. ಒಬ್ಬರು ಅಳುವ ಮುಖ ಕಳಿಸಿದರು, ಇಬ್ಬರು "ದೊಡ್ಡ ಮನಸ್ಸು ಮಾಡಿ" ಅಂದರು. ಕರೆಂಟ್ ಬಿಲ್ ಹಂಚಿಕೊಳ್ಳೋಣ ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ.

ನಿನ್ನೆ ಹೊಸಬರೊಬ್ಬರ ಮೆಸೇಜ್. ಅವರ ಹತ್ತಿರ ಬಾಳೆಗಿಡ ಇದೆಯಂತೆ, ಎಂಟು ಅಡಿ. ನನ್ನ ಗ್ರೀನ್‌ಹೌಸಿನ ನಡುಮಧ್ಯದ ಎತ್ತರವೇ ಆರೂವರೆ ಅಡಿ ಅಂದೆ. "ಪರವಾಗಿಲ್ಲ ಅಕ್ಕಾ, ಸ್ವಲ್ಪ ವಾಲಿಸಿ ಇಡಿ" ಅಂತ ಉತ್ತರ ಬಂದಿದೆ.